ಫೋರ್ಟಿನ ತಿಂಡಿ ನಡಿಗೆ

ಮುಂಬಯಿಯ ಫೋರ್ಟಿನಲ್ಲಿ ಈಗ ಕೋಟೆಯ ಗೋಡೆಗಳಿಲ್ಲ. 1860ರ ದಶಕದಲ್ಲಿಯೇ ಅವುಗಳನ್ನು ಕೆಡವಲಾಯಿತು. ಹೆಸರು ಮಾತ್ರ ನಿಂತಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಬೀದಿಗಳಲ್ಲಿ ಮಾರ್ಗದರ್ಶಿಯೊಬ್ಬರನ್ನು ಹಿಂಬಾಲಿಸಿ ಹತ್ತಾರು ಮಂದಿ ತಿನ್ನುತ್ತ, ನೋಡುತ್ತ ಸಾಗುವ ಪರಿಪಾಠ ಬೆಳೆದಿದೆ. ಇರಾನಿ ಹೋಟೆಲಿನ ಬನ್ ಮಸ್ಕಾ, ಮುಂದೆಲ್ಲೋ ಪೂರಿ-ಭಾಜಿ, ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರಲ್ಲಿ ಆರಂಭವಾದ ಬ್ರಿಟಾನಿಯಾದ ಬೆರ್ರಿ ಪುಲಾವು. ತಲೆಯೆತ್ತಿ ನೋಡಲೂ ಬಿಡುವಿಲ್ಲದೆ ಲೋಕಲ್ ಗಾಡಿಗೆ ಓಡುವ ನಗರದಲ್ಲಿ ಇದು ಮೆಚ್ಚತಕ್ಕ ಸಂಗತಿಯೇ.

ನಡಿಗೆಯಿಂದ ಉಂಡದ್ದೆಲ್ಲ ಕರಗುವುದೆಂಬ ಭ್ರಮೆ ಮಾತ್ರ ಬೇಡ. ನಡೆಯುವುದಕ್ಕಿಂತ ನಿಲ್ಲುವುದೇ ಇಲ್ಲಿ ಹೆಚ್ಚು. ಇರಾನಿ ಚಹಾ ಸಾಮಾನ್ಯವಾಗಿ ಸಕ್ಕರೆ ಬೆರೆತೇ ಬರುವುದೆಂಬುದನ್ನು ಮಧುಮೇಹಿಗಳು ಮರೆಯಬಾರದು. ಒಂದು ತಟ್ಟೆಯನ್ನು ಮೂವರು ಹಂಚಿಕೊಂಡರೆ ರುಚಿಗೇನೂ ಕೊರತೆಯಾಗದು.

ಇದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಇರಾನಿಗಳ ವಲಸೆಯ ಕಥೆಯನ್ನು ವಿಸ್ತಾರವಾಗಿ ಹೇಳುವ ಮಾರ್ಗದರ್ಶಿ, ಉಡುಪಿ ಹೋಟೆಲು ಬಂದಾಗ ಇಡ್ಲಿ-ದೋಸೆಯ ಹೆಸರು ಹೇಳಿ ಮುಂದುವರಿಯುವುದೇ ಹೆಚ್ಚು. ಮಂಗಳೂರಿನಿಂದ ಹಡಗಿನಲ್ಲಿ ಬಂದಿಳಿದ ಹುಡುಗರು ಹಗಲೆಲ್ಲ ಕಪ್ಪು-ಬಸಿ ತೊಳೆದು, ಸಂಜೆ ಇದೇ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಹೋಟೆಲಿನಲ್ಲಿಯೇ ಮಲಗಿ, ಮುಂದೆ ಗುಮಾಸ್ತರೂ ವಕೀಲರೂ ಹೋಟೆಲು ಮಾಲಿಕರೂ ಆದ ವೃತ್ತಾಂತ ಆ ಇಡ್ಲಿಯ ತಟ್ಟೆಯ ಹಿಂದೆ ಇದೆ. ನೀರುದೋಸೆಯೊಡನೆ ಗಸಿ ಬಡಿಸುವ ಊಟದ ಮನೆಗಳಲ್ಲಿಯೂ ಅಷ್ಟೇ: ಮಸಾಲೆಯಲ್ಲಿ ಏನೇನಿದೆಯೆಂದು ಎಲ್ಲರೂ ಕೇಳುವರು, ಅರೆದವರು ಯಾರೆಂದು ಕೇಳುವವರು ವಿರಳ.

ದೋಷವನ್ನೆಲ್ಲ ಮಾರ್ಗದರ್ಶಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರು ಓದುವುದು ಇಂಗ್ಲಿಷಿನಲ್ಲಿ. ಮುಂಬಯಿ ಕನ್ನಡಿಗರು ತಮ್ಮ ಬಾಳನ್ನು ಬರೆದಿಟ್ಟದ್ದು ಬಹುಮಟ್ಟಿಗೆ ಕನ್ನಡದಲ್ಲಿ, ಅದೂ ಇಂಥ ಸ್ಮರಣ ಸಂಚಿಕೆಗಳಲ್ಲಿ. ಸಂಚಿಕೆ ಸದಸ್ಯರ ಕಪಾಟಿನಿಂದಾಚೆ ಹೋಗುವುದಿಲ್ಲ.

ಆದ್ದರಿಂದ ಕನ್ನಡ ಸಂಘಗಳೇ ವರ್ಷಕ್ಕೊಮ್ಮೆಯಾದರೂ ಇಂಥ ನಡಿಗೆಯನ್ನು ಏರ್ಪಡಿಸಬೇಕು. ಭಾನುವಾರ ಫೋರ್ಟಿನ ಅನೇಕ ಹೋಟೆಲುಗಳು ಮುಚ್ಚಿರುವುದರಿಂದ ಶನಿವಾರವೇ ಲೇಸು. ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ಉಪನಗರಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆತಂದು, ನಡೆಯಲಾಗದಿದ್ದರೆ ಹೋಟೆಲಿನ ಬಾಗಿಲಲ್ಲೇ ಕುರ್ಚಿ ಹಾಕಿ ಕುಳ್ಳಿರಿಸಬಹುದು. ಅವರು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಿದ್ದನ್ನು ಮೊಮ್ಮಕ್ಕಳು ಮರಾಠಿಗೂ ಇಂಗ್ಲಿಷಿಗೂ ತಿರುಗಿಸಿ ಮಾರ್ಗದರ್ಶಿಗಳ ಕೈಗೆ ಕೊಟ್ಟಾರು.