ಏನಾದರೂ ಆದರೆ ಹೊಣೆ ಯಾರು?

2025ರ ಜುಲೈ ಮೊದಲ ವಾರ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಟಿ.ವಿ.ಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಎದೆ ಚುರ್ ಅಂದವರೆಲ್ಲ ಇಸಿಜಿಗೆ ಓಡಿದರು. ಅಂಥ ಹೊತ್ತಿನಲ್ಲಿ, ಜುಲೈ 1ರಂದು, ಕೋವಿಡ್ ಲಸಿಕೆಗೆ ಅವಸರದಿಂದ ಅನುಮೋದನೆ ಕೊಟ್ಟದ್ದೂ ಈ ಸಾವುಗಳಿಗೆ ಕಾರಣವಾಗಿರಬಹುದೆಂಬ ಅರ್ಥದ ಮಾತನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬರೆದು ಹರಿಬಿಟ್ಟರು. ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟ ಕೇಂದ್ರ ಆರೋಗ್ಯ ಸಚಿವಾಲಯ ಅಂಥ ಸಂಬಂಧವೇ ಇಲ್ಲ ಎಂದಿತು. ಕಿರಣ್ ಮಜುಂದಾರ್ ಷಾ ಅದು ತಪ್ಪು ಮಾಹಿತಿ ಎಂದರು. ಕೊನೆಗೆ ರಾಜ್ಯ ಸರ್ಕಾರದ್ದೇ ತಜ್ಞರ ಸಮಿತಿ, ಲಸಿಕೆಯತ್ತ ಬೆರಳು ತೋರಿಸಲು ಆಧಾರವಿಲ್ಲವೆಂದು ವರದಿ ಕೊಟ್ಟಿತು.

ಮುಖ್ಯಮಂತ್ರಿಯವರು ಮಾತಾಡುವ ಮೊದಲು ಆ ವರದಿಗೆ ಒಂದು ವಾರ ಕಾಯಬಹುದಿತ್ತು. ಲಸಿಕೆಯನ್ನು ಸಮರ್ಥಿಸಿದವರದ್ದಾದರೂ ಅರ್ಧ ಉತ್ತರವೇ. ‘ಸಂಬಂಧವಿಲ್ಲ’ ಎಂದು ಹೇಳಿ ಕೈ ತೊಳೆದುಕೊಂಡರು. ಹಳ್ಳಿಯ ಜನ 2021ರಿಂದಲೂ ಕೇಳುತ್ತ ಬಂದ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿರಲಿಲ್ಲ. ‘ಸೂಜಿ ಮಾಡಿಸ್ಕೋತೀವ್ರಿ ಸಿಸ್ಟರ, ಏನರ ಆತಂದ್ರ ಯಾರು ಹೊಣಿ?’ ನಮ್ಮ ಬೆಳಗಾವಿ ಸೀಮೆಯಲ್ಲಿ ಈ ಪ್ರಶ್ನೆ ಎದುರಾಗದ ಆಶಾ ಕಾರ್ಯಕರ್ತೆ ಯಾರೂ ಇರಲಿಕ್ಕಿಲ್ಲ. ಪೇಟೆಯ ಮಂದಿ ಇದನ್ನು ಮೂಢನಂಬಿಕೆ ಎಂದರು, ಅಧಿಕಾರಿಗಳು ಹಿಂಜರಿಕೆ ಎಂದು ವರದಿಯಲ್ಲಿ ಬರೆದರು. ಐದು ಸಾವಿರ ರೂಪಾಯಿಯ ಮೊಬೈಲ್ ಕೊಳ್ಳುವಾಗಲೂ ವಾರಂಟಿ ಕೇಳುವ ಜನ, ಮೈಯೊಳಗೆ ಹೋಗುವ ಮದ್ದಿಗೆ ಅದನ್ನು ಕೇಳಿದರೆ ತಪ್ಪೇನು?

ನಾನು ಲಸಿಕೆಯ ಪರ. ಮೊದಲ ವರ್ಷದಲ್ಲೇ ಲಸಿಕೆ ಭಾರತದಲ್ಲಿ ಸುಮಾರು 42 ಲಕ್ಷ ಸಾವು ತಪ್ಪಿಸಿತೆಂದು 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಗಣಿತದ ಲೆಕ್ಕ, ಹೆಚ್ಚುಕಡಿಮೆ ಇದ್ದೀತು. ಅದರ ಅರ್ಧ ಹಿಡಿದರೂ ಸಣ್ಣ ಸಂಖ್ಯೆಯಲ್ಲ. ಲಸಿಕೆ ಬೇಕೇ ಬೇಡವೇ ಎಂಬ ಜಗಳ ನನ್ನ ಮಟ್ಟಿಗೆ ಮುಗಿದಿದೆ. ಮುಗಿಯದಿರುವುದು ಹೊಣೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಮುಂದಿನ ಸಲ ಯಾರೇ ಬಂದು ತೋಳು ಚಾಚಿ ಎಂದರೂ ಜನ ಅನುಮಾನದಿಂದ ನೋಡುತ್ತಾರೆ, ನೋಡಲೂಬೇಕು.

ಈ ಅನುಮಾನದ ಬೇರು ತಿಳಿಯಲು ನಮ್ಮ ಜಿಲ್ಲೆಯನ್ನೇ ನೋಡೋಣ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಬರುವಾಗ ಹುಕ್ಕೇರಿ ತಾಲ್ಲೂಕಿನ ಕಣಗಲಾ ಸಿಗುತ್ತದೆ. ಹೊರಗಿನವರಿಗೆ ಈ ಊರು ಗೊತ್ತಾದದ್ದು ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆಯಿಂದ. ಈಗ ಅದರ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್. ಕೇಂದ್ರ ಸರ್ಕಾರದ ಕಂಪನಿ, 1985ರಿಂದ ಇಲ್ಲಿದೆ, ಕಾಂಡೋಮ್, ಗರ್ಭನಿರೋಧಕ ಗುಳಿಗೆ ತಯಾರಿಸುತ್ತದೆ. 2021ರ ಜನವರಿ 11ರಂದು ಸೀರಂ ಸಂಸ್ಥೆಗೆ 1.1 ಕೋಟಿ ಡೋಸ್ ಕೋವಿಶೀಲ್ಡ್‌ಗೆ, ಡೋಸಿಗೆ 200 ರೂಪಾಯಿ ಮತ್ತು ಜಿಎಸ್‌ಟಿಯಂತೆ, ಸರ್ಕಾರದ ಪರವಾಗಿ ಆರ್ಡರ್ ಕೊಟ್ಟದ್ದೂ ಇದೇ ಎಚ್‌ಎಲ್‌ಎಲ್. ಎರಡೇ ದಿನಕ್ಕೆ 1.47 ಲಕ್ಷ ಡೋಸ್ ಪುಣೆಯಿಂದ ರಸ್ತೆ ಹಿಡಿದು ಬೆಳಗಾವಿ ತಲುಪಿತು. ಇಳಿದದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ. ಒಂದು ಕಾಲಕ್ಕೆ ದೇಶದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಬೆರಳೆಣಿಕೆಯ ಜಾಗಗಳಲ್ಲಿ ಬೆಳಗಾವಿಯ ಈ ಸಂಸ್ಥೆಯೂ ಒಂದು. ಕೋವ್ಯಾಕ್ಸಿನ್‌ನ ಮೊದಲ ಪ್ರಯೋಗ ನಡೆದ ದೇಶದ 12 ಆಸ್ಪತ್ರೆಗಳಲ್ಲೂ ಬೆಳಗಾವಿಯದೊಂದಿತ್ತು, 2020ರ ಜುಲೈನಲ್ಲೇ. ಲಸಿಕೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯನ್ನು ಹಿಂದುಳಿದದ್ದು ಎನ್ನಲು ಯಾರಿಗೂ ಬಾಯಿಲ್ಲ.

ಆದರೂ ಇಲ್ಲಿ ಹಬ್ಬಿದ ಮೊದಲ ಗುಸುಗುಸು ಏನು? ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ. ದೇಶದ ತುಂಬ ಇದೇ ಮಾತು. 2021ರ ಜನವರಿ 3ರಂದು ಅನುಮೋದನೆ ಪ್ರಕಟಿಸುತ್ತಲೇ ಔಷಧ ಮಹಾನಿಯಂತ್ರಕರು ಇದು ಶುದ್ಧ ಸುಳ್ಳು ಎಂದು ಹೇಳಬೇಕಾಯಿತು. ಸುಳ್ಳೇ ಸರಿ. ಆದರೆ ಇದಕ್ಕೆ ಬೇರು ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ, 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ‘ಕೇಸು’ ತರಲಿಲ್ಲವೆಂದು ಮಾಸ್ತರರ ಸಂಬಳ ತಡೆದರು, ಗುಡ್ಡೆ ಹಾಕಿದಂತೆ ಗಂಡಸರನ್ನು ಕ್ಯಾಂಪಿಗೆ ತುಂಬಿದರು. 1977ರಲ್ಲಿ ಸರ್ಕಾರ ಹೋಯಿತು, ಕುಟುಂಬ ಯೋಜನೆ ಎಂಬ ಹೆಸರು ಹೇಳಲು ಹೆದರಿ ಕುಟುಂಬ ಕಲ್ಯಾಣ ಎಂದು ಬದಲಿಸಿದರು. ಆರೋಗ್ಯದ ಹೆಸರಲ್ಲಿ ಸರ್ಕಾರ ಬಲವಂತ ಮಾಡಿದರೆ ಏನಾಗುತ್ತದೆಂದು ಅಜ್ಜಂದಿರಿಗೆ ನೆನಪಿದೆ. ಮೊಮ್ಮಕ್ಕಳ ವಾಟ್ಸ್‌ಆ್ಯಪಿಗೆ ಬಂದ ಸುಳ್ಳು ಮೊಳಕೆಯೊಡೆದದ್ದು ಆ ನೆನಪಿನ ನೆಲದಲ್ಲೇ.

ಪಾಠ ಕಲಿತೆವೇ? 2021ರ ಆಗಸ್ಟ್ ಕೊನೆಗೆ ಚಾಮರಾಜನಗರ ಜಿಲ್ಲಾಡಳಿತ, ಲಸಿಕೆ ಹಾಕಿಸದವರಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂದು ಸಾರಿತು. ಅದೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಅದಕ್ಕೆ ಸುಮಾರು ನಾಲ್ಕು ತಿಂಗಳ ಮೊದಲು, ಮೇ ಮೊದಲ ವಾರ, ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ಜನ ಸತ್ತಿದ್ದರು. ಉಸಿರು ಕೊಡಲಾಗದ ಆಡಳಿತ ಅಕ್ಕಿ ಕಸಿಯಲು ಹೊರಟಿತು! ಗದ್ದಲವಾದ ಮೇಲೆ ಹಿಂದೆ ಸರಿದರು. ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಎರಡು ಡೋಸ್ ಆಗದವರಿಗೆ ಮಾಲ್, ಸಿನಿಮಾ ಮಂದಿರ ಬಂದ್ ಮಾಡಿತು; ಮಕ್ಕಳು ಶಾಲೆಗೆ ಬರಬೇಕಾದರೆ ತಂದೆತಾಯಿಗೆ ಎರಡು ಡೋಸ್ ಆಗಿರಬೇಕೆಂದಿತು.

ನಮ್ಮ ಗಡಿ ಜನಕ್ಕಾದರೋ ಇನ್ನೊಂದು ತಮಾಷೆ. ಕಣಗಲಾ, ನಿಪ್ಪಾಣಿಯವರಿಗೆ ಗಡಿಯಾಚೆ ಮಹಾರಾಷ್ಟ್ರದ ಕಾಗಲ, ಗಡಹಿಂಗ್ಲಜ ಅಂದರೆ ಬೀಗರ ಊರು, ಸಂತೆಯ ಊರು. 2021ರ ಜುಲೈ ಕೊನೆಯ ಆದೇಶದ ಪ್ರಕಾರ ಮಹಾರಾಷ್ಟ್ರದಿಂದ ಬರುವವರು ಎರಡೂ ಡೋಸ್ ಆಗಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಲೇಬೇಕಿತ್ತು. ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಮೋದಿಯವರ ಫೋಟೊ ಇರುವ ಪ್ರಮಾಣಪತ್ರ ತೋರಿಸಿದರೆ ಸಾಲುತ್ತಿರಲಿಲ್ಲ. ಅತ್ತ ಊರಲ್ಲಿ ಲಸಿಕೆ ಹಾಕಿಸಿಕೊಳ್ಳಿ, ಎಲ್ಲ ಸುರಳೀತ ಎನ್ನುವ ಧ್ವನಿವರ್ಧಕ. ಇತ್ತ ಹೆದ್ದಾರಿಯಲ್ಲಿ ಆ ಲಸಿಕೆಯ ಮೇಲೆ ಸರ್ಕಾರಕ್ಕೇ ನಂಬಿಕೆಯಿರಲಿಲ್ಲ. ಸೋಂಕು ಹರಡುವುದನ್ನು ಲಸಿಕೆ ಪೂರ್ತಿ ತಡೆಯದು, ಜೀವ ಹೋಗುವುದನ್ನು ಮಾತ್ರ ಬಹುಮಟ್ಟಿಗೆ ತಡೆಯುತ್ತದೆ ಎಂಬ ಸರಳ ಸತ್ಯವನ್ನು ಮೊದಲೇ ಹೇಳಿದ್ದರೆ ಎರಡಕ್ಕೂ ಅರ್ಥ ಬರುತ್ತಿತ್ತು. ಹೇಳಲಿಲ್ಲ.

ಈಗ ಹೊಣೆಯ ಮಾತಿಗೆ ಬರೋಣ. ಕೋವ್ಯಾಕ್ಸಿನ್‌ಗೆ 2021ರ ಜನವರಿಯಲ್ಲಿ ಅನುಮತಿ ಸಿಕ್ಕಾಗ ಅದು ‘ಪ್ರಯೋಗದ ಮಾದರಿ’ಯ ಅನುಮತಿ. ಆದ್ದರಿಂದ ಹಾಕಿಸಿಕೊಳ್ಳುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಂಡರು. ಲಸಿಕೆಯಿಂದಲೇ ಗಂಭೀರ ತೊಂದರೆಯಾಯಿತೆಂದು ಸಾಬೀತಾದರೆ ಕಂಪನಿ ಪರಿಹಾರ ಕೊಡುತ್ತದೆಂದು ಆ ಪತ್ರದಲ್ಲಿತ್ತು. ಮಾರ್ಚ್‌ನಲ್ಲಿ ಆ ಮಾದರಿ ತೆಗೆದರು. ಒಪ್ಪಿಗೆ ಪತ್ರ ಹೋಯಿತು, ಅದರ ಜತೆ ಪರಿಹಾರದ ಮಾತೂ ಹೋಯಿತು. 2019ರ ಕ್ಲಿನಿಕಲ್ ಪ್ರಯೋಗದ ನಿಯಮಗಳ ಪ್ರಕಾರ ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆ ತೋಳು ಕೊಟ್ಟವನಿಗೆ ಪರಿಹಾರದ ಹಕ್ಕುಂಟು. ಅವನನ್ನು ನಂಬಿ ಕಣಗಲಾದ ಕನ್ನಡ ಸಾಲಿಯಲ್ಲಿ ತೋಳು ಕೊಟ್ಟವಳಿಗೆ ಇಲ್ಲ. ಇದು ಯಾವ ನ್ಯಾಯ?

ಅಪಾಯ ಸಣ್ಣದೇ. 2021ರ ಮೇ ತಿಂಗಳಲ್ಲಿ ಸರ್ಕಾರ ಕೊಟ್ಟ ಲೆಕ್ಕದಲ್ಲಿ ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟಿದ ಶಂಕಿತ ಪ್ರಕರಣ 26; ಹತ್ತು ಲಕ್ಷ ಡೋಸಿಗೆ ಒಂದಕ್ಕಿಂತ ಕಡಿಮೆ. ಇದನ್ನು ಊರೂರಲ್ಲಿ ಬರೆದು ಹಾಕಿದ್ದರೆ, 2024ರ ಏಪ್ರಿಲ್‌ನಲ್ಲಿ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಜೆನೆಕಾ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಅಪರೂಪಕ್ಕೆ ಹೀಗಾಗಬಹುದೆಂದು ಒಪ್ಪಿಕೊಂಡ ಸುದ್ದಿ ಬಂದಾಗ ಜನ ಬೆಚ್ಚಿಬೀಳುತ್ತಿರಲಿಲ್ಲ. ಹಳೆಯ ಸಂಗತಿ ಹೊಸ ರಹಸ್ಯದಂತೆ ಬಯಲಾಯಿತು, ಹಾಸನದ ಭಯಕ್ಕೆ ಮಣ್ಣು ಆಗಲೇ ಹದವಾಯಿತು. ಅಂಥ ಅಪರೂಪದಲ್ಲಿ ಸಿಕ್ಕಿಬಿದ್ದವರ ಗತಿ? ಲಸಿಕೆಯ ನಂತರ ಸತ್ತ ಇಬ್ಬರು ಯುವತಿಯರ ತಂದೆತಾಯಿ ಸುಪ್ರೀಂ ಕೋರ್ಟಿಗೆ ಹೋದರು. ಲಸಿಕೆ ಕಡ್ಡಾಯವಿರಲಿಲ್ಲ, ತಾವೇ ಇಷ್ಟಪಟ್ಟು ಹಾಕಿಸಿಕೊಂಡದ್ದು, ಬೇಕಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಲಿ ಎಂಬ ಧಾಟಿಯಲ್ಲಿ ಕೇಂದ್ರ 2022ರ ನವೆಂಬರ್‌ನಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಪಡಿತರ, ಶಾಲೆ, ಚೆಕ್‌ಪೋಸ್ಟ್ ಎಲ್ಲ ನೋಡಿದ ನಮಗೆ ‘ಇಷ್ಟಪಟ್ಟು’ ಎಂಬ ಮಾತು ಕೇಳಿ ನಗುವುದೋ ಅಳುವುದೋ ತಿಳಿಯದು. ಅದೇ ವರ್ಷ ಮೇ 2ರಂದು ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮದ ಮಾಹಿತಿ ಜನರ ಮುಂದಿಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಬ್ರಿಟನ್ನಿನಲ್ಲಿ 1979ರಿಂದಲೇ ಕಾನೂನಿದೆ: ಲಸಿಕೆಯಿಂದ ತೀವ್ರ ಊನವಾದವರಿಗೆ ಇಂದು 1.2 ಲಕ್ಷ ಪೌಂಡ್. ಆ ಮೊತ್ತ ಸಾಲದೆಂದು ಅಲ್ಲಿಯವರು ಜಗಳಾಡುತ್ತಾರೆ. ಜಗಳಾಡಲು ಒಂದು ಮೊತ್ತವಾದರೂ ಇದೆ.

ಹೊಣೆ ಎಂದಾಗ ನಮ್ಮ ಜಿಲ್ಲೆಯವರಿಗೆ ನೆನಪಾಗಬೇಕಾದದ್ದು ಕೋವಿಡ್ ಲಸಿಕೆಗಿಂತ ಮೊದಲು ರಾಮದುರ್ಗ. 2022ರ ಜನವರಿ, ಓಮಿಕ್ರಾನ್ ಗದ್ದಲದ ನಡುವೆ, ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ಲಸಿಕೆಯ ಬಾಟಲಿಗಳನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಪ್ರಾಥಮಿಕ ತನಿಖೆಯಲ್ಲಿ ಬಂತು. ಈ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ನೀರು ಬೆರೆಸಿದ ಮೇಲೆ ಕೆಡದಂತೆ ಕಾಯುವ ರಾಸಾಯನಿಕ ಅದರಲ್ಲಿಲ್ಲ. ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದರೆ ಚೆಲ್ಲಬೇಕು. ಉಳಿಸಿಟ್ಟರೆ ರೋಗಾಣು ಬೆಳೆದು ವಿಷವಾಗುತ್ತದೆ. ಬಾಟಲಿಯ ಮೇಲಿನ ಬಣ್ಣ ಬದಲಿಸುವ ಗುರುತು ಬಿಸಿ ತಾಗಿದ್ದನ್ನು ತೋರಿಸುತ್ತದೆ, ಒಳಗೆ ಸೋಂಕು ಸೇರಿದ್ದನ್ನು ತೋರಿಸುವುದಿಲ್ಲ. ಒಬ್ಬ ಸಿಸ್ಟರ್, ಒಬ್ಬ ಫಾರ್ಮಸಿಸ್ಟ್ ಅಮಾನತಾದರು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ. ಆದರೆ ಬಾಟಲಿ ಚೆಲ್ಲಿದರೆ ವ್ಯರ್ಥ ಮಾಡಿದೆ ಎಂದು ಮೀಟಿಂಗಿನಲ್ಲಿ ಬೈಸಿಕೊಳ್ಳುವವಳು ಅವಳೇ, ಒಂದೇ ದಿನ ನಾಲ್ಕು ಊರಿಗೆ ಐಸ್ ಬಾಕ್ಸ್ ಹೊತ್ತು ತಿರುಗುವವಳೂ ಅವಳೇ. ಅವಳ ಮೇಲಿನವರು ಯಾರ ಕೈಗೂ ಸಿಗಲಿಲ್ಲ.

ನೂರಾ ಇಪ್ಪತ್ತು ವರ್ಷದ ಹಿಂದೆಯೂ ಹೀಗೇ ಆಗಿತ್ತು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಹಾಫ್ಕಿನ್ ಲಸಿಕೆಯನ್ನು ಊರಿನ ಸುಮಾರು 38 ಸಾವಿರ ಮಂದಿ ಹಾಕಿಸಿಕೊಂಡರು. ದೇಶವೇ ಹುಬ್ಬಳ್ಳಿಯತ್ತ ನೋಡಿತು. ನಾಲ್ಕು ವರ್ಷದ ನಂತರ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯ ಲಸಿಕೆಯಿಂದ 19 ಜನ ಧನುರ್ವಾಯುವಾಗಿ ಸತ್ತರು. ಸರ್ಕಾರ ಲಸಿಕೆ ಕಂಡುಹಿಡಿದ ಹಾಫ್ಕಿನ್‌ನನ್ನೇ ಹೊಣೆ ಮಾಡಿ ಅಮಾನತು ಮಾಡಿತು. ಬಾಟಲಿ ಕೆಟ್ಟದ್ದು ಪ್ರಯೋಗಾಲಯದಲ್ಲಲ್ಲ, ಹಳ್ಳಿಯಲ್ಲಿ ಮುಚ್ಚಳ ತೆಗೆಯುವಾಗ ಎಂದು ಒಪ್ಪಿ ಅವನಿಗೆ ಬಿಡುಗಡೆ ಕೊಡಲು 1907 ಬರಬೇಕಾಯಿತು. ಪರದೇಶಿ ಸರ್ಕಾರ ಹಾಗೆ ಮಾಡಿತು ಎನ್ನೋಣ. ನಮ್ಮ ಸರ್ಕಾರಕ್ಕೆ ಯಾವ ನೆಪ?

ಮುಖ್ಯಮಂತ್ರಿಯವರಿಗೆ ನಿಜಕ್ಕೂ ಅನುಮಾನವಿದ್ದರೆ ಬರೆದು ಹಾಕುವುದಕ್ಕಿಂತ ಗಟ್ಟಿಯಾದ ದಾರಿಯಿದೆ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯದ ವಿಷಯ. ಸರ್ಕಾರ ಹಾಕಿಸುವ ಯಾವುದೇ ಲಸಿಕೆಯಿಂದ ಜೀವ ಹೋದರೆ, ಅಂಗ ಊನವಾದರೆ, ಯಾರ ತಪ್ಪೆಂದು ಬಡವ ಸಾಬೀತು ಮಾಡುವ ಗೋಜಿಲ್ಲದೆ ನಿಗದಿತ ದಿನದೊಳಗೆ ಪರಿಹಾರ ಕೊಡುವ ಕಾನೂನನ್ನು ಕರ್ನಾಟಕವೇ ಮಾಡಬಹುದು. ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ಜಿಲ್ಲಾ ಸಮಿತಿಯ ತನಿಖಾ ವರದಿ ಕನ್ನಡದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಬೇಕೆಂದು ಅದರಲ್ಲೇ ಬರೆಯಬಹುದು. ಹಾಗೆಯೇ ಪಡಿತರ, ಪಿಂಚಣಿ, ಶಾಲೆಯನ್ನು ಲಸಿಕೆಗೆ ಗಂಟು ಹಾಕುವ ಅಧಿಕಾರಿಯ ಮೇಲೆ ಕ್ರಮ ಎಂದೂ ಬರೆಯಬಹುದು. ಹತ್ತು ಲಕ್ಷಕ್ಕೆ ಒಂದು ಪ್ರಕರಣವಾದರೆ ಖಜಾನೆಗೆ ಅದೇನು ಭಾರ? ಲಸಿಕೆ ಅಷ್ಟು ಸುರಕ್ಷಿತ ಎಂದು ನಂಬುವ ಸರ್ಕಾರ ಈ ಬಾಂಡಿಗೆ ಸಹಿ ಹಾಕಲು ಹೆದರಬಾರದು. ಹೆದರಿದರೆ ವಾಟ್ಸ್‌ಆ್ಯಪ್ ವಿಶ್ವವಿದ್ಯಾಲಯದವರಿಗೆ ಅದೇ ಸಾಕ್ಷಿ.

ಚಳಿಗಾಲದ ಅಧಿವೇಶನಕ್ಕೆ ಸರ್ಕಾರ ಹಲಗಾದ ಸುವರ್ಣಸೌಧಕ್ಕೆ ಬರುತ್ತದೆ. ಹತ್ತು ದಿನ ಕಬ್ಬಿನ ಬಾಕಿ, ಗಡಿ, ಮೀಸಲಾತಿ ಎಂದು ಕೂಗಾಟವಾಗುತ್ತದೆ, ಆಗಲಿ. ಕಣಗಲಾ ಮುಂದಿನ ಅದೇ ಹೆದ್ದಾರಿ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಗೋಕಾಕ, ಅರಭಾವಿ, ಹುಕ್ಕೇರಿ, ರಾಮದುರ್ಗದ ಶಾಸಕರು ಪಕ್ಷ ನೋಡದೆ ಒಂದು ಖಾಸಗಿ ಮಸೂದೆಯನ್ನಾದರೂ ಮಂಡಿಸಲಿ. ಸತ್ತ ಮೂರು ಕೂಸುಗಳ ಮನೆಯವರಿಗೆ ತನಿಖೆಯ ಕೊನೆಯ ವರದಿಯ ಪ್ರತಿ ಕೈಗೆ ಕೊಟ್ಟಿದ್ದೀರಾ ಎಂದು ಮೊದಲ ದಿನವೇ ಆರೋಗ್ಯ ಸಚಿವರನ್ನು ಕೇಳಲಿ.