ರೋಮ್ ಚರ್ಚಿಗೆ ಬಿಟ್ಟುಹೋದ ನಿಜವಾದ ಆಸ್ತಿ

ಡಿಸೆಂಬರ್ ಬಂತೆಂದರೆ ಒಂದು ವಾದ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗುತ್ತದೆ: ಕ್ರಿಸ್‌ಮಸ್ ರೋಮನ್ನರ ಸೂರ್ಯದೇವನಿಂದ ಕದ್ದ ಹಬ್ಬ, ಏಸುವಿನ ಕಥೆ ಅದೇ ರೋಮನ್ನರು ಪೂಜಿಸುತ್ತಿದ್ದ ಮಿತ್ರದೇವನ ಕಥೆಯ ನಕಲು. ಚರ್ಚಿನ ಕಡೆಯ ಉತ್ತರವೂ ಸಿದ್ಧ: ನಮ್ಮಲ್ಲಿ ಹೊರಗಿನದೇನೂ ಇಲ್ಲ. ಎರಡೂ ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ, ನಿಜಕ್ಕೂ ಚರ್ಚೆಯಾಗಬೇಕಾದದ್ದನ್ನು ಇಬ್ಬರೂ ಸೇರಿ ಮರೆಮಾಡುತ್ತಿದ್ದಾರೆ.

ಮೊದಲು ಕಳ್ಳತನದ ಆರೋಪ. ಮಿತ್ರ ಡಿಸೆಂಬರ್ 25ರಂದು ಹುಟ್ಟಿದ ಎನ್ನಲು ಪ್ರಾಚೀನ ದಾಖಲೆಯೇ ಇಲ್ಲ. ರೋಮನ್ ಶಿಲ್ಪಗಳಲ್ಲಿ ಅವನಿಗೆ ತಾಯಿಯೂ ಇಲ್ಲ. ಬಂಡೆಯೊಳಗಿಂದ ಎದ್ದು ಬರುತ್ತಾನೆ. 'ಅಜೇಯ ಸೂರ್ಯ'ನ ಮಾತು ಬೇರೆ. ಚಕ್ರವರ್ತಿ ಅರೇಲಿಯನ್ ಕ್ರಿ.ಶ. 274ರಲ್ಲಿ ಅವನಿಗೆ ರೋಮ್‌ನಲ್ಲಿ ಗುಡಿ ಕಟ್ಟಿಸಿದ. ಆದರೆ ಡಿಸೆಂಬರ್ 25 'ಅಜೇಯ'ನ ಜನ್ಮದಿನ ಎಂಬ ಮಾತು ಸಿಗುವುದು 354ರ ಒಂದು ರೋಮನ್ ಪಂಚಾಂಗದಲ್ಲಿ. ಅದೇ ಸಂಪುಟದ ಇನ್ನೊಂದು ಪಟ್ಟಿಯಲ್ಲಿ ಅದೇ ದಿನ ಕ್ರಿಸ್ತನ ಜನನವೂ ಇದೆ. ಯಾರು ಯಾರಿಂದ ಪಡೆದರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಏಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂಬ ಲೆಕ್ಕ ಅದಕ್ಕೂ ಬಹಳ ಮೊದಲೇ ಕ್ರೈಸ್ತ ಲೇಖಕ ತೆರ್ತುಲಿಯನ್‌ನ ಬರಹದಲ್ಲಿ ಸಿಗುತ್ತದೆ. ಮರಿಯಳು ಗರ್ಭ ಧರಿಸಿದ್ದೂ ಅದೇ ದಿನ ಎಂದು ನಂಬಿ, ಒಂಬತ್ತು ತಿಂಗಳು ಎಣಿಸಿ ಈ ತಾರೀಖು ಗೊತ್ತುಮಾಡಿದರು ಎನ್ನುವ ವಿದ್ವಾಂಸರೂ ಇದ್ದಾರೆ.

ತಮಾಷೆಯೆಂದರೆ, ಈ ಆರೋಪವನ್ನು ಬೆಳೆಸಿದವರು ಕ್ರೈಸ್ತರೇ. ಕ್ಯಾಥೊಲಿಕರ ಹಬ್ಬಗಳೆಲ್ಲ ಪೇಗನ್ (ಕ್ರೈಸ್ತಪೂರ್ವ ದೇವತೆಗಳ ಆರಾಧನೆಯ) ಕಸವೆಂದು ಪ್ರಾಟೆಸ್ಟಂಟರಲ್ಲಿ ಕಟ್ಟುನಿಟ್ಟಿನ ಪಂಥವಾದ ಪ್ಯೂರಿಟನ್ನರು ಜರೆದರು. 1659ರಲ್ಲಿ ಅಮೆರಿಕದಲ್ಲಿನ ಅವರ ವಸಾಹತು ಮ್ಯಾಸಚೂಸೆಟ್ಸ್ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸಿತು. 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್, ಪೋಪನನ್ನು ಹಳಿಯಲೆಂದೇ ಇಂಥದೊಂದು ಪುಸ್ತಕ ಬರೆದ. ಕ್ರೈಸ್ತಧರ್ಮಕ್ಕೆ ಏಟು ಕೊಟ್ಟೆವೆಂದು ಬೀಗುವವರ ಕೈಯಲ್ಲಿರುವುದು, ಒಂದು ಚರ್ಚು ಇನ್ನೊಂದರ ಮೇಲೆ ಬೀಸಿದ ಹಳೆಯ ದೊಣ್ಣೆ.

ಹಾಗೆಂದು ಶುದ್ಧತೆಯ ವಾದವೂ ನಿಲ್ಲುವುದಿಲ್ಲ. ವ್ಯಾಟಿಕನ್ನಿನ ನೆಲದಡಿಯ ಸಮಾಧಿಯೊಂದರ ಛಾವಣಿಯ ಮೊಸಾಯಿಕ್‌ನಲ್ಲಿ, ಕ್ರಿಸ್ತನೆಂದೇ ಬಹುತೇಕರು ಗುರುತಿಸುವ ಆಕೃತಿ ತಲೆಯ ಸುತ್ತ ಕಿರಣಗಳೊಂದಿಗೆ ರಥ ಓಡಿಸುತ್ತಿದೆ, ಥೇಟ್ ಸೂರ್ಯದೇವನಂತೆ. ಸಂತ ಪೇತ್ರನ ಚರ್ಚಿನ ಮೆಟ್ಟಿಲ ಮೇಲೆ ಸೂರ್ಯನಿಗೆ ಬಾಗಿ ಆಮೇಲೆ ಒಳಬರುತ್ತಿದ್ದ ಭಕ್ತರನ್ನು ಐದನೆಯ ಶತಮಾನದಲ್ಲೂ ಪೋಪ್ ಮೊದಲನೆಯ ಲಿಯೋ ಗದರಬೇಕಾಯಿತು. ಸಂತ ಅಗಸ್ಟೀನನ ತಾಯಿ ಮೋನಿಕಾ ಮಿಲಾನಿನಲ್ಲಿ ಹುತಾತ್ಮರ ಸಮಾಧಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ದಾಗ ಬಾಗಿಲಲ್ಲೇ ತಡೆದರು; ಸತ್ತವರಿಗೆ ಎಡೆ ಇಡುವ ಪೇಗನ್ ಪದ್ಧತಿಯಂತಿದೆ ಎಂದು ಬಿಷಪ್ ಆ್ಯಂಬ್ರೋಸ್ ಅದನ್ನು ನಿಷೇಧಿಸಿದ್ದ. ಇವರನ್ನೆಲ್ಲ ಕಳ್ಳರೆನ್ನುವುದು ಹಾಸ್ಯಾಸ್ಪದ. ರೋಮನ್ ಜಗತ್ತಿನಲ್ಲಿ ಹುಟ್ಟಿ ಬೆಳೆದವರು ತಮಗೆ ಗೊತ್ತಿದ್ದ ರೀತಿಯಲ್ಲಿ ಭಕ್ತಿ ಮಾಡಿದರು, ಅಷ್ಟೆ.

ರೋಮ್ ಚರ್ಚಿಗೆ ಬಿಟ್ಟುಹೋದದ್ದರಲ್ಲಿ ನಾವು ನೋಡಬೇಕಾದ ಆಸ್ತಿ ಬೇರೆಯೇ ಇದೆ. ರೋಮನ್ ಧರ್ಮದಲ್ಲಿ ನೀನೇನು ನಂಬುತ್ತೀಯ ಎಂದು ಕೇಳುವ ರೂಢಿ ಇರಲಿಲ್ಲ. ಪೂಜೆ ಕ್ರಮ ತಪ್ಪದೆ ನಡೆಯಬೇಕು, ದೇವತೆಗಳು ಒಲಿದು ಸಾಮ್ರಾಜ್ಯವನ್ನು ಕಾಯಬೇಕು. ಆದ್ದರಿಂದಲೇ ಪೂಜೆಗೆ ಒಲ್ಲೆನೆಂದ ಕ್ರೈಸ್ತ ಅವರ ಕಣ್ಣಿಗೆ ನಾಸ್ತಿಕನಾಗಿ, ರಾಜದ್ರೋಹಿಯಾಗಿ ಕಂಡ. 250ರ ಹೊತ್ತಿಗೆ ಚಕ್ರವರ್ತಿ ಡೇಸಿಯಸ್ ಎಲ್ಲರೂ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಮುಂದೆ ಚಕ್ರವರ್ತಿಗಳೇ ಕ್ರೈಸ್ತರಾದರು. 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಪ್ರಜೆಗಳೆಲ್ಲ ಒಂದೇ ಕ್ರೈಸ್ತ ವಿಶ್ವಾಸ ಪಾಲಿಸಬೇಕೆಂದ. 391–392ರಲ್ಲಿ ಬಲಿಯನ್ನು ನಿಷೇಧಿಸಿದ. ದೇವರು ಬದಲಾದರೂ ಆಜ್ಞೆಯ ಧಾಟಿ ಬದಲಾಗಲಿಲ್ಲ. ಡೇಸಿಯಸನಿಗೆ ಧೂಪ ಹಾಕುವ ಕೈ ಸಾಕಿತ್ತು. ಥಿಯೋಡೋಸಿಯಸನಿಗೆ ಮನಸ್ಸೂ ಬೇಕಾಯಿತು.

ಇದರ ನಡುವೆ, 384ರಲ್ಲಿ, ಒಂದು ವಾಗ್ವಾದ ನಡೆಯಿತು. ಸೆನೆಟ್ ಭವನದಿಂದ ತೆಗೆಸಿದ್ದ ವಿಜಯದೇವತೆಯ ಬಲಿಪೀಠವನ್ನು ಮರಳಿ ಇಡಿಸಿ ಎಂದು ರೋಮ್ ನಗರಾಧಿಕಾರಿ ಸಿಮ್ಮಾಕಸ್ ಚಕ್ರವರ್ತಿಯನ್ನು ಬೇಡಿದ. ಸತ್ಯಕ್ಕೆ ದಾರಿ ಹಲವು ಎಂದು ವಾದಿಸಿದ. ಆ್ಯಂಬ್ರೋಸ್ ಎದುರು ನಿಂತು ಗೆದ್ದ. ಸಿಮ್ಮಾಕಸನ ಮಾತು ಸೊಗಸಾಗಿದೆ. ಆದರೆ ಅವನ ದೇವತೆಗಳು ಅಧಿಕಾರದಲ್ಲಿದ್ದಾಗ ಆ ಔದಾರ್ಯ ಕ್ರೈಸ್ತರಿಗೆ ಸಿಕ್ಕಿರಲಿಲ್ಲ. ಹಾಗೆ ಬೇಡುವಾಗಲೂ ಅವನು ಪುರೋಹಿತರಿಗೆ ನಿಂತುಹೋದ ಸರ್ಕಾರಿ ಹಣವನ್ನು ಕೇಳುತ್ತಿದ್ದ. ಇತ್ತ ಆ್ಯಂಬ್ರೋಸನ ಹಿರಿಯರ ಕಥೆಯೂ ಅದೇ. ಹಿಂಸೆಗೆ ಒಳಗಾಗಿದ್ದ ಕಾಲದಲ್ಲಿ, ಧರ್ಮದಲ್ಲಿ ಬಲವಂತ ಸಲ್ಲದು ಎಂದು ಬರೆದವನು ಇದೇ ತೆರ್ತುಲಿಯನ್. ಪಟ್ಟ ಸಿಕ್ಕ ಮೇಲೆ ಅವನ ಮಾತು ಚರ್ಚಿಗೆ ನೆನಪಾಗಲಿಲ್ಲ.

ಹಬ್ಬ ಎಲ್ಲಿಂದ ಬಂತೆಂಬುದು ಯಾರೂ ತಲೆತಗ್ಗಿಸಬೇಕಾದ ವಿಷಯವಲ್ಲ. ನೆರೆಯವರಿಂದ ಏನೂ ಪಡೆಯದ ಧರ್ಮ ಯಾವುದಿದೆ? ತಲೆತಗ್ಗಿಸಬೇಕಾದದ್ದು, ದುರ್ಬಲರಾಗಿದ್ದಾಗ ಸಹನೆ ಬೇಡಿ, ಪ್ರಬಲರಾಗಿದ್ದಾಗ ಅದನ್ನು ನಿರಾಕರಿಸಿದ್ದಕ್ಕೆ. ಆ ತಪ್ಪಿನಲ್ಲಿ ರೋಮಿನ ಪೇಗನ್ನರೂ ಕ್ರೈಸ್ತರೂ ಸಮಾನ ಪಾಲುದಾರರು. ಪ್ರತಿ ವರ್ಷ ಜಗಳ ಆಡಲೇಬೇಕೆಂದಿದ್ದರೆ ಅದರ ಬಗ್ಗೆ ಆಡಿ. ಆಗ 'ನಾವು ಗೆದ್ದಾಗ ಹೇಗಿದ್ದೆವು' ಎಂಬ ಪ್ರಶ್ನೆಗೆ ಎರಡೂ ಕಡೆಯವರು ಉತ್ತರಿಸಬೇಕಾಗುತ್ತದೆ.