ಧರ್ಮದ ದಟ್ಟಿಗೆ ಮೊಳ ಹಾಕುವವರು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮಲ್ಲುಂಟು. ಮುಕ್ತ ತಂತ್ರಾಂಶಗಳನ್ನು ಬಳಸುವ ನಮ್ಮಲ್ಲಿ ಅನೇಕರ ನಡತೆ ಇದಕ್ಕೆ ಹೊರತಲ್ಲ. ಯಾರೋ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಬರೆದುಕೊಟ್ಟ ತಂತ್ರಾಂಶದಲ್ಲಿ ದೋಷ ಕಂಡೊಡನೆ, ಹಣ ತೆತ್ತ ಗಿರಾಕಿಗಳಂತೆ ಗದರುತ್ತೇವೆ.

ಇದರ ಫಲ ಬರಿಯ ಮನಸ್ತಾಪವಲ್ಲ. ಕಡತಗಳ ಗಾತ್ರ ಕುಗ್ಗಿಸುವ, ಲಿನಕ್ಸ್ ಗಣಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 'ಎಕ್ಸ್‌ಝಡ್' ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ, ಕೆಲಸ ನಿಧಾನವಾಯಿತೆಂದು ಕೆಲವರು ಅವರನ್ನು ಪೀಡಿಸತೊಡಗಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ವೇತನವಿಲ್ಲದ ಹವ್ಯಾಸ ಎಂದು ಅವರು ತಿಳಿಸಿದರೂ ಒತ್ತಡ ತಗ್ಗಲಿಲ್ಲ. ಕ್ರಮೇಣ 'ಜಿಯಾ ಟ್ಯಾನ್' ಎಂಬ ಹೆಸರಿನ ಸಹಾಯಕನ ಕೈಗೆ ಅಧಿಕಾರ ಬಂದಿತು. ಆ ಹೆಸರಿನಲ್ಲಿ ತಂತ್ರಾಂಶದೊಳಗೆ ಕಳ್ಳಬಾಗಿಲೊಂದನ್ನು ಇರಿಸಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾದುದನ್ನು ಗಮನಿಸಿ ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯ್ಂಡ್.

ಪೀಡಿಸಿದ ಹೆಸರುಗಳೂ ಅದೇ ಸಂಚಿನವೆಂಬ ಬಲವಾದ ಶಂಕೆಯಿದೆ. ಆದರೆ ಆ ನಟನೆ ಆಗ ಅನುಮಾನ ಹುಟ್ಟಿಸಲಿಲ್ಲವೇಕೆ? ನಿಜವಾದ ಬಳಕೆದಾರರ ಮಾತಿನ ಧಾಟಿಯೂ ಅದೇ ಆಗಿರುವುದರಿಂದ! ನಮ್ಮ ಅಸಹನೆಯೇ ವಂಚಕರಿಗೆ ವೇಷವಾಯಿತು.

ದೋಷ ತೋರಿಸಬಾರದೆಂದು ನನ್ನ ವಾದವಲ್ಲ. ವಿವರವಾಗಿ, ವಿನಯದಿಂದ ತಿಳಿಸುವುದೂ ಸೇವೆಯೇ. ಆಗದ ಕೆಲಸವನ್ನು ಆಗದೆಂದು ನೇರವಾಗಿ ಹೇಳುವ ಹೊಣೆ ರಚಿಸಿದವರಿಗೂ ಇದೆ. ಆದರೆ ಮೊದಲ ಹೆಜ್ಜೆ ಪಡೆದವರದು.

ಈ ಸಮ್ಮೇಳನದಲ್ಲಿ ನಮಗೆ ಊಟ ಬಡಿಸುವವರೂ ಸ್ವಯಂಸೇವಕರೇ. ಸಾರು ತಡವಾದರೆ ಅವರ ಮೇಲೆ ರೇಗುವ ಮುನ್ನ ಒಂದು ಕ್ಷಣ ತಡೆಯುತ್ತೇವಲ್ಲವೇ? ಮುಖ ಕಾಣದ ಆ ಸ್ವಯಂಸೇವಕರಿಗೂ ಅಷ್ಟೇ ಸೌಜನ್ಯ ಸಲ್ಲಬೇಕು.